ಕಡಬದಿಂದ ಕಡಲಿಗೆ ಎಷ್ಟು ದೂರ?

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ತೋಕೂರು ದಾಟಿ ಸುರತ್ಕಲ್ ಕಡೆ ಸಾಗುವಾಗ, ಎಡಗಡೆಯ ಕಿಟಕಿಯಾಚೆ ಕೆಲವೇ ಕಿಲೋಮೀಟರ್ ದೂರದಲ್ಲಿ ಪಣಂಬೂರಿನ ಬಂದರು ಇರುತ್ತದೆ. ನವೆಂಬರ್ ಕಳೆದ ಮೇಲಾದರೆ ಒಮ್ಮೊಮ್ಮೆ ಅಲ್ಲೊಂದು ಬಿಳಿ ಪ್ರವಾಸಿ ಹಡಗು ಕೂಡ ನಿಂತಿರುತ್ತದೆ. ಅದೇ ರೈಲಿನಲ್ಲಿ ಪುತ್ತೂರಿನದೋ ಸುಳ್ಯದ್ದೋ ಒಂದು ಕುಟುಂಬ ಕುಳಿತಿದ್ದರೆ, ಅವರೂ ಹೊರಟದ್ದು ಹಡಗು ಹತ್ತಲಿಕ್ಕೇ ಆಗಿದ್ದರೆ, ಅವರ ಹಡಗು ಇರುವುದು ಮಾತ್ರ ಇನ್ನೂ 900 ಕಿಲೋಮೀಟರಿನಷ್ಟು ಆಚೆ, ಮುಂಬೈಯಲ್ಲಿ.

“ಪಣಂಬೂರಿಗೆ ಹಡಗು ಬರ್ತದಲ್ಲ ಮಾರಾಯ, ಮತ್ತೆ ಮುಂಬೈಗೆ ಯಾಕೆ ಹೋಗುವುದು?” ಪ್ರವಾಸದ ಸುದ್ದಿ ಹೇಳಿದ ಕೂಡಲೇ ಮನೆಯ ಹಿರಿಯರು ಕೇಳುವ ಪ್ರಶ್ನೆ ಇದು. ಸರಿಯಾದ ಪ್ರಶ್ನೆಯೇ. ಪುತ್ತೂರಿನಿಂದ ಮಂಗಳೂರು 52 ಕಿಲೋಮೀಟರ್. ಅಲ್ಲಿಂದ ಪಣಂಬೂರು ಇನ್ನೊಂದು ಹತ್ತು. ಕಡಬದಿಂದಲೋ ಸುಳ್ಯದಿಂದಲೋ ಹೊರಟವರಿಗೆ ಎರಡೂವರೆ ಗಂಟೆಯ ದಾರಿ. ಬೆಳಗ್ಗೆ ಚಹಾ ಕುಡಿದು ಹೊರಟರೆ ಹಡಗಿನ ಮೆಟ್ಟಿಲ ಬುಡಕ್ಕೆ ಮುಟ್ಟಬಹುದು. ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ, ಅಷ್ಟೇ.

ಪಣಂಬೂರಿಗೆ ಬರುವ ಪ್ರವಾಸಿ ಹಡಗುಗಳಿಗೆ ಅದು ನಡುದಾರಿಯ ನಿಲ್ದಾಣ. ಎಲ್ಲೋ ಹೊರಟು ಎಲ್ಲೋ ಮುಗಿಯುವ ಯಾನದ ನಡುವೆ ಒಂದು ಹಗಲು ಇಲ್ಲಿ ತಂಗುತ್ತವೆ. ಕೋವಿಡ್ ಕಾಲದ ಖಾಲಿ ಹಂಗಾಮುಗಳು ಕಳೆದು 2022ರ ನವೆಂಬರ್ ಕೊನೆಗೆ ‘ಯುರೋಪಾ 2’ ಹಡಗು ಬಂದಾಗ, ಚೆಂಡೆಯ ಸದ್ದು, ಯಕ್ಷಗಾನದ ವೇಷ, ಹಣೆಗೆ ತಿಲಕ ಎಲ್ಲವೂ ಬಂದರಿನಲ್ಲಿ ಕಾದಿದ್ದವು. ಇಳಿದವರು ಬಸ್ಸು, ಟ್ಯಾಕ್ಸಿಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಪಿಲಿಕುಳ ನೋಡಿ ಸಂಜೆಯೊಳಗೆ ಮರಳುತ್ತಾರೆ. ಹಡಗು ಹೊರಡುತ್ತದೆ. ಇ-ವೀಸಾ ಹಿಡಿದವರು ಸಮುದ್ರದ ದಾರಿಯಲ್ಲಿ ದೇಶದೊಳಗೆ ಬರಲು ಮೊದಲು ಅನುಮತಿ ಸಿಕ್ಕ ಐದು ಬಂದರುಗಳಲ್ಲಿ ಮಂಗಳೂರೂ ಒಂದು. ಹೊರಗಿನವರು ಒಳಗೆ ಬರಲು ಬಾಗಿಲು ತೆರೆದದ್ದು ನಿಜ. ಇಲ್ಲಿನವರು ಇಲ್ಲಿಂದಲೇ ವಿಹಾರಕ್ಕೆ ಹೊರಡುವ ಬಾಗಿಲು ತೆರೆದುಕೊಂಡಿಲ್ಲ.

ಹಾಗಾಗಿ ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲ್ಲೂಕಿನವರ ಹಡಗು ಪ್ರವಾಸ ಎರಡು ಪ್ರವಾಸಗಳ ಜೋಡಿ: ಊರಿನಿಂದ ಬಂದರಿಗೆ ಒಂದು, ಬಂದರಿನಿಂದ ಮುಂದಕ್ಕೆ ಇನ್ನೊಂದು. ಎರಡನೆಯದರ ಬಗ್ಗೆ ಬಣ್ಣದ ಕರಪತ್ರಗಳು ಹೇಳುತ್ತವೆ. ಮೊದಲನೆಯದರ ಬಗ್ಗೆ ಯಾರೂ ಹೇಳುವುದಿಲ್ಲ.

ಹೊರಡುವ ಹೊತ್ತಿನದೇ ಮೊದಲ ತೊಡಕು. ಪಶ್ಚಿಮ ಕರಾವಳಿಯ ಹಡಗು ಹಂಗಾಮು ಮಳೆ ನಿಂತ ಮೇಲೆ ಶುರುವಾಗಿ ಮುಂದಿನ ಮಳೆಗೆ ಮುಂಚೆ ಮುಗಿಯುತ್ತದೆ. ಅಡಕೆ ತೋಟದವರಿಗೆ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳುಗಳೂ ಅವೇ. ಕೊಯ್ಲು ನಡೆಯುತ್ತಿರುತ್ತದೆ, ಅಂಗಳದ ತುಂಬ ಅಡಕೆ ಹರಡಿರುತ್ತದೆ, ಮೋಡ ಕಂಡರೆ ರಾಶಿ ಮಾಡಿ ಮುಚ್ಚಲು ಮನೆಯಲ್ಲಿ ಜನ ಬೇಕು. ತೋಟಕ್ಕೆ ನೀರು ಬಿಡಬೇಕು. ಅದೇ ಹೊತ್ತಿಗೆ ಸುಬ್ರಹ್ಮಣ್ಯದ ಚಂಪಾ ಷಷ್ಠಿ, ಊರೂರಿನ ನೇಮ, ಯಕ್ಷಗಾನ, ಮದುವೆ. ಏಪ್ರಿಲ್ 10ರಿಂದ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, 17ಕ್ಕೆ ಬ್ರಹ್ಮರಥೋತ್ಸವ. ಆ ದಿನ ಊರಲ್ಲಿ ಇಲ್ಲದೆ ಹೋಗುವುದು ಪುತ್ತೂರಿನವರಿಗೆ ಆಗದ ಮಾತು. ಬಿಡುವು ಸಿಗುವ ಮಳೆಗಾಲದಲ್ಲಿ ಇತ್ತ ಕೊಳೆರೋಗಕ್ಕೆ ಮದ್ದು ಬಿಡುವ ಚಿಂತೆ, ಅತ್ತ ಅರಬ್ಬಿ ಸಮುದ್ರದಲ್ಲಿ ವಿಹಾರದ ಹಡಗೇ ಇಲ್ಲ. ಹೀಗಾಗಿ ಈ ಭಾಗದವರಿಗೆ ಸಿಗುವ ಕಿಂಡಿ ಸಣ್ಣದು: ದೀಪಾವಳಿ ಕಳೆದು ಕೊಯ್ಲು ಬಿರುಸಾಗುವ ಮೊದಲಿನ ಕೆಲವು ದಿನ, ಇಲ್ಲವೇ ಜಾತ್ರೆ ಮುಗಿದು ಮಕ್ಕಳ ರಜೆ ಉಳಿದಿರುವ ಏಪ್ರಿಲ್ ಕೊನೆ.

ದಾರಿ ಯಾವುದು ಎನ್ನುವುದನ್ನು ಇಲ್ಲಿನ ಹೊಳೆಗಳೇ ಹೇಳುತ್ತವೆ. ಕಡಬದ ಕಡೆಯ ನೀರೆಲ್ಲ ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಸುಳ್ಯದ ಪಯಸ್ವಿನಿ ಹಾಗಲ್ಲ. ಅದು ತೆಂಕುದಿಕ್ಕಿಗೆ ತಿರುಗಿ, ಗಡಿ ದಾಟಿ, ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲಿಗೆ ಇಳಿಯುತ್ತದೆ. ಹಡಗಿಗೆ ಹೊರಟವರೂ ಹಾಗೆಯೇ ಕವಲಾಗುತ್ತಾರೆ. ಮುಂಬೈಯ ಹಡಗಿಗೆ ಮಂಗಳೂರು ದಾರಿ. ಕೊಚ್ಚಿಯ ಹಡಗಿಗೆ ಹೊರಟ ಸುಳ್ಯದವರು ಜಾಲ್ಸೂರು, ಮುಳ್ಳೇರಿಯ, ಚೆರ್ಕಳದ ಮೂಲಕ ಕಾಸರಗೋಡಿಗೆ ಹೋಗಿ ರೈಲು ಹತ್ತುವುದು ಲೇಸು. ಮಂಗಳೂರಿಗೆ ಹೋಗಿ ಅದೇ ರೈಲಿನಲ್ಲಿ ಕಾಸರಗೋಡು ದಾಟುವುದು ಸುತ್ತು.

ಈಗಿನ ದಾರಿ ಎಷ್ಟೋ ಸುಧಾರಿಸಿದೆ. ಕಡಬದ ಹಾದಿಯಲ್ಲಿ ಹೊಸಮಠದ ಮುಳುಗು ಸೇತುವೆ ಇದ್ದ ಕಾಲ ನೆನಪಿರುವವರಿಗೆ ಈ ಮಾತಿನ ತೂಕ ಗೊತ್ತು. ಗುಂಡ್ಯ ಹೊಳೆ ಉಕ್ಕಿದರೆ ಬಸ್ಸು ಆಚೆ, ಜನ ಈಚೆ. ನೀರು ಇಳಿಯುವ ತನಕ ಗಂಟೆಗಟ್ಟಲೆ ಕಾಯಬೇಕಿತ್ತು. ಈಗ ಎತ್ತರದ ಹೊಸ ಸೇತುವೆ ಇದೆ. ಪುತ್ತೂರಿನಿಂದ ಮಾಣಿಗೆ ಬಂದು ಬೆಂಗಳೂರು ಹೆದ್ದಾರಿ ಹಿಡಿದವರನ್ನು ವರ್ಷಗಟ್ಟಲೆ ಕೆಸರಿನಲ್ಲೂ ಧೂಳಿನಲ್ಲೂ ನಿಲ್ಲಿಸಿದ್ದ ಕಲ್ಲಡ್ಕದಲ್ಲಿ 2025ರಲ್ಲಿ ಮೇಲ್ಸೇತುವೆ ತೆರೆಯಿತು. ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಬೇಕೆನ್ನುವವರು ಈಗ ನೆನಪಿಟ್ಟು ಕೆಳಗಿನ ರಸ್ತೆಗೆ ಇಳಿಯಬೇಕು. ಸಮಯ ಕೈಕೊಡುವುದು ಮಂಗಳೂರು ಮುಟ್ಟಿದ ಮೇಲೆ. ನಂತೂರು ವೃತ್ತದಲ್ಲಿ ಒಮ್ಮೆ, ಕೂಳೂರು ಸೇತುವೆಯಲ್ಲಿ ಇನ್ನೊಮ್ಮೆ ಸಾಲು ನಿಂತರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ವಿಮಾನಕ್ಕೆ ಹೊರಟವರಲ್ಲಿ ಅನೇಕರು ಬಿ.ಸಿ. ರೋಡಿನಿಂದ ಪೊಳಲಿ, ಕೈಕಂಬದ ಮೂಲಕ ಬಜಪೆಗೆ ಒಳದಾರಿ ಹಿಡಿಯುವುದು ಇದೇ ಕಾರಣಕ್ಕೆ.

ರೈಲಿನವರಿಗೆ ಕಬಕ ಪುತ್ತೂರು ನಿಲ್ದಾಣ ಉಂಟು. ಕಡಬದವರಿಗೆ ಎಡಮಂಗಲ, ಕೋಡಿಂಬಾಳ, ನೆಟ್ಟಣದ ಸುಬ್ರಹ್ಮಣ್ಯ ರೋಡ್. ಪುತ್ತೂರಿನವರೆಗೆ ಮಾತ್ರ ಇದ್ದ ಮಂಗಳೂರಿನ ಪ್ಯಾಸೆಂಜರ್ ರೈಲು 2025ರ ಏಪ್ರಿಲ್‌ನಿಂದ ಸುಬ್ರಹ್ಮಣ್ಯ ರೋಡ್ ತನಕ ಬರುತ್ತಿದೆ. ಸಣ್ಣ ಸುದ್ದಿಯಂತೆ ಕಂಡರೂ, ಎರಡು ಸೂಟ್‌ಕೇಸು, ಒಬ್ಬ ಅಜ್ಜಿ, ಒಂದು ಮಗು ಇರುವ ಕುಟುಂಬಕ್ಕೆ ಬಸ್ಸು ಬದಲಿಸುವ ಕಷ್ಟ ತಪ್ಪಿಸಿದ ದೊಡ್ಡ ಉಪಕಾರ ಅದು.

ಮಂಗಳೂರಿನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಎರಡು ನಿಲ್ದಾಣಗಳಿವೆ: ಪೇಟೆಯ ನಡುವಿನ ಸೆಂಟ್ರಲ್, ಪಡೀಲಿನ ಹತ್ತಿರದ ಜಂಕ್ಷನ್. ಹಳಬರಿಗೆ ಜಂಕ್ಷನ್ ಇನ್ನೂ ಕಂಕನಾಡಿ ಸ್ಟೇಷನ್ನೇ. 1998ರ ಮೇ ತಿಂಗಳಿನಿಂದ ಓಡುತ್ತಿರುವ ಮತ್ಸ್ಯಗಂಧ ಹೊರಡುವುದು ಸೆಂಟ್ರಲ್‌ನಿಂದ; ಅದು ಮರುದಿನ ಬೆಳಗ್ಗೆ ಮುಟ್ಟುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಮುಂಬೈ ಸಿಎಸ್‌ಎಂಟಿಯ ರೈಲು ಹೊರಡುವುದು ಜಂಕ್ಷನ್‌ನಿಂದ. ಹಡಗು ಹತ್ತುವವರಿಗೆ ಈ ವ್ಯತ್ಯಾಸ ಮುಖ್ಯ. ಹಡಗು ಹತ್ತುವ ಜಾಗವಾದ ಬಲ್ಲಾರ್ಡ್ ಪಿಯರ್ ಇರುವುದು ಸಿಎಸ್‌ಎಂಟಿಯಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷದ ಹಾದಿಯಲ್ಲಿ. ಕುರ್ಲಾದಲ್ಲಿ ಇಳಿದರೆ ಮುಂಬೈಯ ಬೆಳಗಿನ ಸಂದಣಿಯನ್ನು ಸೀಳಿಕೊಂಡು ಹದಿನೈದು ಕಿಲೋಮೀಟರ್‌ಗೂ ಹೆಚ್ಚು ಹೋಗಬೇಕು. ಆ ಹೊತ್ತಿನ ಲೋಕಲ್ ರೈಲಿಗೆ ಸೂಟ್‌ಕೇಸು ಹಿಡಿದು ಹತ್ತುವ ಯೋಚನೆಯನ್ನೇ ಮಾಡಬಾರದು. ಪ್ಲಾಟ್‌ಫಾರಂ ಕೆಲಸದ ಕಾರಣಕ್ಕೆ ಸಿಎಸ್‌ಎಂಟಿ ರೈಲನ್ನು ತಿಂಗಳುಗಟ್ಟಲೆ ಥಾಣೆಯಲ್ಲೇ ನಿಲ್ಲಿಸಿದ್ದೂ ಉಂಟು. ಟಿಕೆಟ್ ತೆಗೆಯುವಾಗ ರೈಲಿನ ಹೆಸರಿನ ಜೊತೆಗೆ ಅದು ಆ ದಿನ ಎಲ್ಲಿಯ ತನಕ ಹೋಗುತ್ತದೆ ಎಂದೂ ನೋಡಿಕೊಳ್ಳಬೇಕು.

ಟಿಕೆಟಿನದೇ ಇನ್ನೊಂದು ಕಥೆ. ಹಡಗಿನ ಕ್ಯಾಬಿನ್ನನ್ನು ಆರು ತಿಂಗಳು, ವರ್ಷ ಮೊದಲೇ ಕಾದಿರಿಸುವವರಿದ್ದಾರೆ. ಬೇಗ ತೆಗೆದರೆ ದರ ಕಡಿಮೆ. ರೈಲಿನ ಮುಂಗಡ ಕಾದಿರಿಸುವಿಕೆ 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ಹಡಗಿನ ದುಡ್ಡು ಕಟ್ಟಿ ತಿಂಗಳುಗಳು ಕಳೆದ ಮೇಲೆ, ಒಂದು ಬೆಳಗ್ಗೆ ಎಂಟು ಗಂಟೆಗೆ ಕುಳಿತು, ಮುಂಬೈ ರೈಲಿನಲ್ಲಿ ಸೀಟು ಸಿಗುತ್ತದೋ ಇಲ್ಲವೋ ನೋಡಬೇಕು. ಅದೂ ದೀಪಾವಳಿಗೋ ಬೇಸಿಗೆ ರಜೆಗೋ ಊರಿಗೆ ಬಂದ ಮುಂಬೈ ಕನ್ನಡಿಗರೆಲ್ಲ ಮರಳುವ ದಿನಗಳಲ್ಲಿ! ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡದೆ ಉಪಾಯವಿಲ್ಲ.

ರೈಲಾದರೂ ವಿಮಾನವಾದರೂ, ಹಡಗು ಹೊರಡುವ ಹಿಂದಿನ ದಿನವೇ ಆ ಊರಿಗೆ ಮುಟ್ಟಿರಬೇಕು. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಇದು. ರೈಲು ತಪ್ಪಿದರೆ ಇನ್ನೊಂದು ರೈಲು ಉಂಟು, ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು. ಹಡಗು ಕಾಯುವುದಿಲ್ಲ. ಹೊರಡುವುದಕ್ಕೆ ಸಾಕಷ್ಟು ಮೊದಲೇ ಚೆಕ್-ಇನ್ ಮುಚ್ಚುತ್ತದೆ, ತಪ್ಪಿದರೆ ಕಟ್ಟಿದ ದುಡ್ಡಿನಲ್ಲಿ ದೊಡ್ಡ ಪಾಲು ಹೋದ ಹಾಗೆಯೇ. ಮುಂಬೈಯಲ್ಲಿ ಒಂದು ರಾತ್ರಿ ಕಳೆಯುವುದು ದಕ್ಷಿಣ ಕನ್ನಡದವರಿಗೆ ಕಷ್ಟವಲ್ಲ. ಅಲ್ಲಿ ನೆಂಟರಿಲ್ಲದ ಮನೆ ಈ ಜಿಲ್ಲೆಯಲ್ಲಿ ಕಡಿಮೆ. ಫೋರ್ಟ್ ಪ್ರದೇಶದ ಹಳೆಯ ಹೋಟೆಲುಗಳಲ್ಲಿ ತುಳುವಿನಲ್ಲೇ ದಾರಿ ಕೇಳಬಹುದು.

ಮುಂಬೈಯ ಬಂದರು ಈಗ ಬದಲಾಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕಂಪೆನಿಯ ‘ಎಂಪ್ರೆಸ್’ ಹಡಗು ಇಲ್ಲಿಂದ ಯಾನ ಶುರು ಮಾಡಿದ ಮೇಲೆ ಗೋವಾ, ಲಕ್ಷದ್ವೀಪ, ಕೊಚ್ಚಿಯ ಹಡಗು ಪ್ರವಾಸ ಮಧ್ಯಮವರ್ಗದ ಮನೆಗಳಲ್ಲೂ ಮಾತಿಗೆ ಬಂತು. 2025ರ ಸೆಪ್ಟೆಂಬರ್ 20ರಂದು ಇಂದಿರಾ ಡಾಕ್‌ನಲ್ಲಿ ಹೊಸ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಒಳಗಿನ ಕ್ರಮ ವಿಮಾನ ನಿಲ್ದಾಣದ್ದೇ. ದೊಡ್ಡ ಪೆಟ್ಟಿಗೆಗಳಿಗೆ ಕ್ಯಾಬಿನ್ ನಂಬರಿನ ಟ್ಯಾಗ್ ಕಟ್ಟಿ ಬಾಗಿಲಲ್ಲೇ ಒಪ್ಪಿಸಬೇಕು. ಅವು ಕೆಲವು ಗಂಟೆಗಳ ಮೇಲೆ ಕ್ಯಾಬಿನ್ನಿಗೆ ಬರುತ್ತವೆ. ಆದ್ದರಿಂದ ಮಾತ್ರೆ, ಮಗುವಿನ ಬಟ್ಟೆ, ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ. ಅಡಕೆ ಕತ್ತರಿ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ತಪಾಸಣೆಯಲ್ಲೇ ಉಳಿಯುತ್ತವೆ. ಎಲೆಯಡಕೆ ಹಾಕುವ ಹಿರಿಯರಿಗೆ ಮೊದಲನೆಯದು ದೊಡ್ಡ ಸಂಕಟ. ಮನೆಯಲ್ಲೇ ಅಡಕೆ ಕತ್ತರಿಸಿ ಡಬ್ಬಿಗೆ ತುಂಬಿಸಿಕೊಂಡು ಹೊರಡುವುದು ಒಳ್ಳೆಯದು.

ಹೆಸರಿನ ತೊಡಕೂ ಇಲ್ಲಿನದೇ. ಆಧಾರ್‌ನಲ್ಲಿ ಮನೆ ಹೆಸರಿನ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಮದುವೆಯಾದ ಮಗಳಿಗೆ ಎರಡು ಕಡೆ ಎರಡು ಹೆಸರು. ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವ ಹಾಗೆಯೇ ಟಿಕೆಟಿನಲ್ಲೂ ಹೆಸರು ಬರೆಸಬೇಕು.

ಕೊಚ್ಚಿಯ ದಾರಿ ಮುಂಬೈಯದಕ್ಕಿಂತ ಹಗುರ. ಮಂಗಳೂರಿನಿಂದ ಬೆಳಗ್ಗೆ ಹೊರಡುವ ತಿರುವನಂತಪುರದ ವಂದೇ ಭಾರತ್ ಕಾಸರಗೋಡಿನಲ್ಲಿ ನಿಂತು ಮಧ್ಯಾಹ್ನದ ಹೊತ್ತಿಗೆ ಎರ್ನಾಕುಳಂ ಮುಟ್ಟುತ್ತದೆ. ಅಲ್ಲೂ ಎರಡು ಸ್ಟೇಷನ್, ನಾರ್ತ್ ಮತ್ತು ಸೌತ್. ಹಡಗುಗಳು ನಿಲ್ಲುವ ವಿಲಿಂಗ್ಡನ್ ದ್ವೀಪಕ್ಕೆ ಸೌತ್ ಹತ್ತಿರ. 2021ರ ಫೆಬ್ರವರಿಯಲ್ಲಿ ತೆರೆದ ‘ಸಾಗರಿಕಾ’ ಕ್ರೂಸ್ ಟರ್ಮಿನಲ್ ಇರುವುದು ಅಲ್ಲೇ. ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ತೋರಿಸುವ ಲಕ್ಷದ್ವೀಪ ಆಡಳಿತದ ‘ಸಮುದ್ರಂ’ ಪ್ರವಾಸದ ಹಡಗು ಹತ್ತುವುದೂ ಆ ದ್ವೀಪದಿಂದಲೇ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು.

ಲಕ್ಷದ್ವೀಪದ ಮಾತು ಬಂದಾಗ ಈ ಜಿಲ್ಲೆಯವರು ಮರೆಯಬಾರದ ಸಂಗತಿಯೊಂದಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಪುತ್ತೂರು ಮತ್ತು ಕಡಮತ್ ಒಂದೇ ಕಲೆಕ್ಟರರ ಕೈಕೆಳಗಿದ್ದ ಊರುಗಳು. ದ್ವೀಪದವರ ಹಾಯಿಹಡಗುಗಳಾದ ಮಂಜಿಗಳು ತೆಂಗಿನ ನಾರಿನ ಹುರಿ ಹೊತ್ತು ಮಂಗಳೂರಿನ ಬಂದರಿಗೆ ಬರುತ್ತಿದ್ದವು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಇವತ್ತು ಕಡಬದ ಒಬ್ಬರು ಕಡಮತ್ ನೋಡಬೇಕೆಂದರೆ ಮೊದಲು 400 ಕಿಲೋಮೀಟರ್‌ಗೂ ಹೆಚ್ಚು ತೆಂಕಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಿ, ಹೆಚ್ಚುಕಡಿಮೆ ಬಂದಷ್ಟೇ ದೂರವನ್ನು ಸಮುದ್ರದಲ್ಲಿ ವಾಯವ್ಯಕ್ಕೆ ಸಾಗಬೇಕು. 2024ರ ಮೇ ತಿಂಗಳಲ್ಲಿ ‘ಪರಲಿ’ ಎಂಬ ವೇಗದ ಹಡಗು ಸುಮಾರು 160 ಪ್ರಯಾಣಿಕರೊಡನೆ ಏಳೇ ಗಂಟೆಯಲ್ಲಿ ಲಕ್ಷದ್ವೀಪದಿಂದ ಮಂಗಳೂರಿನ ಹಳೆ ಬಂದರಿಗೆ ಬಂದಾಗ ಇಲ್ಲಿ ಸಂಭ್ರಮ ಹುಟ್ಟಿದ್ದು ಸುಮ್ಮನೆ ಅಲ್ಲ. ಒಂದು ಹಳೆಯ ದಾರಿ ಮತ್ತೆ ಕಣ್ಣೆದುರು ಬಂದಿತ್ತು.

ಘಟ್ಟದ ಬುಡದ ಈ ಊರುಗಳಿಗೆ ಹಡಗು ಹೊಸತು ಎಂದುಕೊಂಡರೆ ತಪ್ಪು. ನೇತ್ರಾವತಿಯಲ್ಲಿ ಓಡಗಳು ಬಂಟ್ವಾಳದ ತನಕ ಬರುತ್ತಿದ್ದ ಕಾಲದಲ್ಲಿ ಘಟ್ಟದ ಮೇಲಿನ ಕಾಫಿ ಹೊಳೆಯ ದಾರಿಯಲ್ಲೇ ಬಂದರಿಗೆ ಇಳಿಯುತ್ತಿತ್ತು. ಆಗಿನ ಮಂಗಳೂರು ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಮುಂಬೈಯ ಸ್ಟೀಮರುಗಳು ಅಳಿವೆಯ ಹೊರಗೆ ಲಂಗರು ಹಾಕುತ್ತಿದ್ದವು, ಜನ ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಮಳೆಗಾಲದಲ್ಲಿ ಬಂದರೇ ಮುಚ್ಚುತ್ತಿತ್ತು. ಹೋಟೆಲು, ಮಿಲ್ಲು, ರಾತ್ರಿ ಶಾಲೆಗಳ ಮುಂಬೈಗೆ ಹೊರಟ ಹುಡುಗರ ಮೊದಲ ಸಮುದ್ರಯಾನ ಅದು. ವರ್ಷವಿಡೀ ತೆರೆದಿರುವ ಬಂದರು ಬೇಕೆಂದು ಉಳ್ಳಾಲ ಶ್ರೀನಿವಾಸ ಮಲ್ಯರು ಪಟ್ಟ ಪಾಡಿನ ಫಲ ಪಣಂಬೂರು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ದೊಡ್ಡ ಬಂದರು ಎನಿಸಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಪುತ್ತೂರು, ಉಪ್ಪಿನಂಗಡಿ, ಸುಳ್ಯದ ಮುಸ್ಲಿಂ ಮನೆಗಳ ನೆನಪಿನಲ್ಲಿ ಹಡಗು ಎಂದರೆ ಹಜ್. ಮುಂಬೈಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಯಾತ್ರಿಕರ ಹಡಗು 1995ರಲ್ಲಿ ನಿಂತಿತು. ಅಲ್ಲಿಯ ತನಕ ಹಜ್‌ಗೆ ಹೊರಡುವ ಹಿರಿಯರನ್ನು ಊರೇ ಬಂದು ಬೀಳ್ಕೊಡುತ್ತಿತ್ತು, ಏಕೆಂದರೆ ದಾರಿಯೇ ವಾರಗಟ್ಟಲೆಯದು.

ಇನ್ನೂ ಒಂದು ಸಮುದಾಯದ ನೆನಪಿನಲ್ಲಿ ಹಡಗಿದೆ. ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳಲ್ಲಿ ನಸುಕಿಗೇ ಎದ್ದು ಹಾಲು ತೆಗೆಯುವ ತಮಿಳು ಕುಟುಂಬಗಳು ಶ್ರೀಲಂಕಾದಿಂದ ಬಂದವು. 1964ರ ಅಕ್ಟೋಬರ್‌ನಲ್ಲಿ ಆದ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಪ್ರಕಾರ ಅಲ್ಲಿನ ಚಹಾ ತೋಟಗಳ ಲಕ್ಷಾಂತರ ಮಂದಿ ಭಾರತಕ್ಕೆ ಮರಳಬೇಕಾಯಿತು. ತಲೈಮನ್ನಾರ್‌ನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದ ಆ ಜನರಲ್ಲಿ ಒಂದಿಷ್ಟು ಕುಟುಂಬಗಳಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ, ಮನೆ ಸಿಕ್ಕಿತು. ಕೆಲವೇ ಗಂಟೆಗಳ ಆ ಯಾನ ಅವರಿಗೆ ವಿಹಾರವಾಗಿರಲಿಲ್ಲ. ತಲೆಮಾರುಗಳ ಊರನ್ನು ಬಿಟ್ಟು, ಎಂದೂ ನೋಡದ ಇನ್ನೊಂದು ಊರಿಗೆ ಹೊರಟ ಯಾನ ಅದು. ಹಡಗು ಪ್ರವಾಸದ ಬರಹದಲ್ಲಿ ಅವರ ದಾರಿಗೂ ಜಾಗ ಸಲ್ಲಬೇಕು. ಈ ಮೂರು ತಾಲ್ಲೂಕುಗಳಲ್ಲಿ ಬಂದರು ಎಂದರೇನೆಂದು ಅವರಷ್ಟು ಬಲ್ಲವರು ಕಡಿಮೆ.

ಹಾಗಾದರೆ ಪಣಂಬೂರಿನಲ್ಲೇ ಹತ್ತುವ ದಿನ ಬರಲಾರದೇ? ಒಂದು ಬಂದರಿನಿಂದ ಯಾನ ಶುರುವಾಗಬೇಕಾದರೆ ನೂರಾರು ಜನರ ಪೆಟ್ಟಿಗೆ ಒಮ್ಮೆಗೇ ತಪಾಸಣೆ ಆಗಬೇಕು, ಸುಂಕ ಮತ್ತು ವಲಸೆ ವಿಭಾಗದ ಸಿಬ್ಬಂದಿ ಬೇಕು, ಹಡಗಿಗೆ ದಿನಸಿ, ನೀರು ತುಂಬಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಬಿನ್ ತುಂಬುವಷ್ಟು ಜನ ಬೇಕು. ಕಂಪೆನಿಗಳು ಮುಂಬೈಯನ್ನು ಆರಿಸುವುದು ಈ ಲೆಕ್ಕದಿಂದ. ಆದರೆ ಮಂಗಳೂರಿಗೆ ಬೆನ್ನಾಗಿರುವ ನಾಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾಣಿಯಿಂದ ಪುತ್ತೂರು, ಸುಳ್ಯ, ಮಡಿಕೇರಿಯ ಮೂಲಕ ಮೈಸೂರಿಗೆ ಹೆದ್ದಾರಿ ಇದೆ. ಶಿರಾಡಿಯ ಮೇಲೆ ಹಾಸನ, ಬೆಂಗಳೂರು. ಮುಂಬೈ–ಮಾಲ್ದೀವ್ಸ್ ದಾರಿಯ ಕೋಸ್ಟಾ ಹಡಗುಗಳು 2016ರಿಂದ 2018ರ ನಡುವಿನ ಹಂಗಾಮುಗಳಲ್ಲಿ ಇಲ್ಲಿ ನಿಂತು ಹೋದ ಅನುಭವ ಬಂದರಿಗಿದೆ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಕ್ರೂಸ್ ಭಾರತ್ ಮಿಷನ್’ 2029ರೊಳಗೆ ಹಡಗು ಪ್ರವಾಸಿಗರ ಸಂಖ್ಯೆ ಇಮ್ಮಡಿಯಾಗಬೇಕೆಂದು ಹೇಳುತ್ತದೆ. ಹಂಗಾಮಿಗೆ ಎರಡೋ ಮೂರೋ ಯಾನ ಪಣಂಬೂರಿನಿಂದ ಹೊರಟರೂ ಸಾಕು. ಕಡಬದ ಅಜ್ಜಿಗೆ ಎರಡು ರಾತ್ರಿಯ ರೈಲು ತಪ್ಪುತ್ತದೆ. ಮೊದಲು ಲಕ್ಷದ್ವೀಪದ ಹಡಗು ಕ್ರಮವಾಗಿ ಓಡಲಿ. ಹತ್ತಿರದ ದಾರಿ ಅದು, ಹಳೆಯ ನಂಟೂ ಅದೇ.

ಪಣಂಬೂರಿನಲ್ಲಿ ಇಳಿಯುವ ವಿದೇಶಿಯರೂ ಈ ಕಡೆ ಬರಬಹುದಲ್ಲ ಎನ್ನುವ ಯೋಚನೆಯೂ ಉಂಟು. ಗೋಡಂಬಿ ನೋಡಲು ಹೊರಟವರಿಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯಕ್ಕಿಂತ ಒಳ್ಳೆಯ ಜಾಗ ಯಾವುದು? ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಇರುವುದೂ ಇದೇ ಊರಿನಲ್ಲಿ. ಹೋಗಿ ಬರಲು ನಾಲ್ಕು ಗಂಟೆ. ಎಂಟು ಹತ್ತು ಗಂಟೆ ನಿಲ್ಲುವ ಹಡಗಿನವರಿಗೆ ಅದು ಆಗದ ಮಾತಲ್ಲ, ಕೂಳೂರಿನಲ್ಲಿ ದಾರಿ ಸುಗಮವಾದರೆ.

ಮರಳಿ ಬರುವ ದಾರಿಗೂ ಯೋಜನೆ ಬೇಕು, ಅದನ್ನೇ ಜನ ಮರೆಯುವುದು. ಹಿಂದಿನ ರಾತ್ರಿಯೇ ಪೆಟ್ಟಿಗೆಗಳನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಮರುದಿನ ಉಡುವ ಬಟ್ಟೆಯನ್ನೂ ಅದರೊಳಗೆ ತುಂಬಿಟ್ಟರೆ ಫಜೀತಿ. ಬೆಳಗ್ಗೆ ಹಡಗು ದಡ ಮುಟ್ಟಿದರೂ ಸರದಿಯಂತೆ ಇಳಿದು ಹೊರಗೆ ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಬೆಳಗಿನ ವಿಮಾನ ಬೇಡ. ಮಧ್ಯಾಹ್ನ ಮೂರರ ಮೇಲೆ ಕುರ್ಲಾದಿಂದ ಹೊರಡುವ ಮತ್ಸ್ಯಗಂಧ, ಇಲ್ಲವೇ ರಾತ್ರಿಯ ಸಿಎಸ್‌ಎಂಟಿ ರೈಲು ಹದವಾದದ್ದು. ಎರಡನೆಯದರಲ್ಲಿ ಬಂದವರಿಗೆ ಜಂಕ್ಷನ್‌ನಲ್ಲಿ ಇಳಿದು ಪಡೀಲಿನಲ್ಲಿ ಹೆದ್ದಾರಿಗೆ ಬಂದರೆ ಪುತ್ತೂರು, ಸುಳ್ಯದ ಬಸ್ಸು ಅಲ್ಲೇ ಸಿಗುತ್ತದೆ.

ಹಡಗಿನಿಂದ ಇಳಿದ ಕೆಲವರಿಗೆ ಒಂದೆರಡು ದಿನ ನೆಲವೂ ತೂಗಿದ ಹಾಗೆ ಅನ್ನಿಸುತ್ತದೆ. ಬಸ್ಸು ಉಪ್ಪಿನಂಗಡಿಯಲ್ಲಿ ಹೆದ್ದಾರಿ ಬಿಟ್ಟು ಕಡಬದ ತಿರುವುಗಳಿಗೆ ಹೊರಳಿದಾಗ ಅದು ಹಡಗಿನದೋ ರಸ್ತೆಯದೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಅಡಕೆ ಮಗುಚುವ ಕೆಲಸ ಕಾದಿರುತ್ತದೆ. ಕ್ಯಾಬಿನ್ ನಂಬರಿನ ಟ್ಯಾಗ್ ಸೂಟ್‌ಕೇಸಿನ ಹಿಡಿಯಲ್ಲಿ ಹಾಗೆಯೇ ಉಳಿಯುತ್ತದೆ, ಮುಂದಿನ ಮಳೆಗಾಲದ ತನಕ ಅಟ್ಟದ ಮೇಲೆ.